ಘೇರಿನ ಲಂಗ: ಲೆಕ್ಕವೂ ಹೊಲಿಗೆಯೂ

ಹೊಲಿಗೆಯು ಕೈಗೆ ಸಂಬಂಧಪಟ್ಟ ವಿದ್ಯೆಯೆಂದೂ ಗಣಿತವು ತಲೆಗೆ ಸಂಬಂಧಪಟ್ಟ ವಿದ್ಯೆಯೆಂದೂ ವಿಂಗಡಿಸಿ, ಒಂದನ್ನು ದಿನದ ಕೊನೆಯ ಅವಧಿಗೂ ಇನ್ನೊಂದನ್ನು ಬೆಳಗಿನ ಮೊದಲ ಅವಧಿಗೂ ಇಡುವ ವಾಡಿಕೆ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೈಕಸುಬನ್ನು ನಡುವಿನಲ್ಲಿಟ್ಟು ಅದರ ಸುತ್ತ ಉಳಿದ ವಿಷಯಗಳನ್ನು ಕಲಿಸಬೇಕೆಂದು 1937ರಲ್ಲಿ ವರ್ಧಾದಲ್ಲಿ ನೆರೆದ ಶಿಕ್ಷಣ ಸಮ್ಮೇಳನವು ಗೊತ್ತುಮಾಡಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂಬ ಹೆಸರಿನಲ್ಲಿ ಕೈಕೆಲಸಕ್ಕೆ ಮತ್ತೆ ಸ್ಥಾನ ಕಲ್ಪಿಸಿತು. ಆದರೂ ಕರವಸ್ತ್ರದ ಅಂಚು ಮಡಿಸುವುದು, ಗುಂಡಿ ಹಚ್ಚುವುದು ಇವುಗಳನ್ನು ದಾಟಿ ಮುಂದಕ್ಕೆ ಹೋದ ಹೊಲಿಗೆಯ ತರಗತಿಗಳು ನಾನು ಕಂಡಂತೆ ವಿರಳ. ವೃತ್ತದ ಪರಿಧಿಯನ್ನು ಕರಿಹಲಗೆಯ ಮೇಲೆ ಹತ್ತು ಸಲ ಕಂಡುಹಿಡಿದ ಹುಡುಗಿಯು, ತನ್ನ ಲಂಗಕ್ಕೆ ಎಷ್ಟು ಬಟ್ಟೆ ಬೇಕೆಂದು ಅಂಗಡಿಯವನನ್ನೇ ಕೇಳುತ್ತಾಳೆ.

ಪ್ರಸ್ತುತ ಲೇಖನದ ವಿಷಯ ಒಂದೇ ಒಂದು ಉಡುಪು. ವಾರ್ಷಿಕೋತ್ಸವಕ್ಕೋ ಮನೆಯ ಮದುವೆಗೋ ಹೆಣ್ಣುಮಕ್ಕಳು ತೊಡುವ, ಪದರ ಪದರವಾಗಿ ಇಳಿಬಿದ್ದು ಪಾದದ ಸುತ್ತ ಹರಡಿ ನಿಲ್ಲುವ ತುಂಬು ಲಂಗ. ಹಳೆಯ ಮೈಸೂರು ಸೀಮೆಯವರು ಲಂಗವೆನ್ನುವುದನ್ನು ಉತ್ತರ ಕರ್ನಾಟಕದವರು ಪರಕಾರವೆನ್ನುತ್ತಾರೆ. ಅದರ ಕೆಳಸುತ್ತಿನ ಅಗಲಕ್ಕೆ ಘೇರು ಎಂಬ ಮಾತು ರೂಢಿಯಲ್ಲಿದೆ. ಇದನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇಂಥ ಲಂಗದ ಅಂದಚಂದವು ಯಂತ್ರದ ಮೇಲೆ ಕೂಡುವ ಮೊದಲೇ, ಕಾಗದದ ಮೇಲಿನ ಲೆಕ್ಕದಲ್ಲಿಯೇ ಮುಕ್ಕಾಲುಪಾಲು ತೀರ್ಮಾನವಾಗಿರುತ್ತದೆ. ತಪ್ಪಾಗಿ ಹೊಲಿದುದನ್ನು ಬಿಚ್ಚಬಹುದು. ನಾಲ್ಕು ಮೀಟರು ರೇಷ್ಮೆಯನ್ನು ತಪ್ಪಾಗಿ ಕತ್ತರಿಸಿದ ಮೇಲೆ ಕೂಡಿಸಲು ಬಾರದು. ಸಾಲ ಮಾಡಿ ಬಟ್ಟೆ ತಂದ ತಾಯಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಂಬು ಘೇರಿಗೆ ದೀರ್ಘವಾದ ಚರಿತ್ರೆಯಿದೆ. ಇಲ್ಲಿ ಪಾಠಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುವೆನು. ಯುರೋಪಿನ ಹೆಂಗಸರು ಲಂಗವನ್ನು ಉಬ್ಬಿಸಲು ಒಳಗೆ ಐದಾರು ಒಳಲಂಗಗಳನ್ನು ತೊಡುತ್ತಿದ್ದರು. ಕುದುರೆಯ ಕೂದಲನ್ನೂ ಅಗಸೆನಾರಿನ ನೂಲನ್ನೂ ಸೇರಿಸಿ ನೇಯ್ದ ಗಡಸು ಬಟ್ಟೆಗೆ ಕ್ರಿನೊಲಿನ್ ಎಂದು ಹೆಸರು. 1856ರಲ್ಲಿ ಉಕ್ಕಿನ ಬಳೆಗಳ ಪಂಜರವು ಬಳಕೆಗೆ ಬಂದು ಆ ಹೆಸರನ್ನೂ ಒಳಲಂಗಗಳ ಜಾಗವನ್ನೂ ತಾನೇ ಪಡೆಯಿತು. ಅದಕ್ಕೆ ಮೊದಲೇ, 1809ರಲ್ಲಿ, ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಎಂಬಾತನು ಬಲೆಬಟ್ಟೆಯನ್ನು ಯಂತ್ರದಿಂದ ನೇಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದನು. ನಾವಿಂದು ನೆಟ್ ಎಂದು ಕರೆಯುವ ಬಟ್ಟೆ ಅಗ್ಗವಾದುದು ಆ ದಾರಿಯಿಂದ. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಎಂಬ ವಿನ್ಯಾಸಕಾರನು ಸಣ್ಣ ನಡು, ಬಹು ದೊಡ್ಡ ಘೇರಿನ ಲಂಗಗಳನ್ನು ಪ್ರದರ್ಶಿಸಿದಾಗ ಮೆಚ್ಚಿದವರಷ್ಟೇ ಜನ ಸಿಟ್ಟಾದರು. ಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ 1941ರ ಜೂನ್‌ನಲ್ಲಿ ಆರಂಭವಾದ ಬಟ್ಟೆಯ ರೇಷನ್ನು 1949ರ ಮಾರ್ಚಿನವರೆಗೂ ತೆರವಾಗಲಿಲ್ಲ. ನಮ್ಮ ಹತ್ತಿರದ ಉದಾಹರಣೆ ಬೇಕೆಂದರೆ ಲಂಬಾಣಿ ಹೆಂಗಸರ ಫೇಟಿಯಾ ಇದೆ. ಕನ್ನಡಿ, ಕವಡೆ, ಕಸೂತಿಗಳ ಭಾರವನ್ನು ಹೊತ್ತ ಆ ಲಂಗದ ನಡುಪಟ್ಟಿ ಅಗಲವಾಗಿರುವುದು ಬರಿಯ ಚಂದಕ್ಕಲ್ಲವೆಂದು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವರಿಗೆ ತಿಳಿಯುತ್ತದೆ.

ಇನ್ನು ಅಳತೆ. ನಡು 24 ಅಂಗುಲ, ನಡುವಿನಿಂದ ಪಾದದ ಗಂಟಿನ ಕೆಳಗಿನವರೆಗೆ 38 ಅಂಗುಲ ಇರುವ ಹುಡುಗಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಉಸಿರಾಟಕ್ಕೂ ಊಟಕ್ಕೂ 1 ಅಂಗುಲ ಸಡಿಲು ಸೇರಿಸಿ ನಡುವನ್ನು 25 ಎಂದು ಹಿಡಿಯಬೇಕು. ನಡುಪಟ್ಟಿಯ ಅಗಲ 2 ಅಂಗುಲವನ್ನು ಕಳೆದರೆ ಲಂಗದ ಇಳಿತ 36 ಅಂಗುಲ ಉಳಿಯಿತು. ಬಟ್ಟೆಯಂಗಡಿಯಲ್ಲಿ ಮೀಟರಿನ ಲೆಕ್ಕ, ಹೊಲಿಗೆಯವರ ಟೇಪಿನಲ್ಲಿ ಅಂಗುಲದ ಲೆಕ್ಕ, ಮನೆಯ ಹಿರಿಯರ ಬಾಯಲ್ಲಿ ಗಜದ ಲೆಕ್ಕ. ಈ ಮೂರರ ನಡುವೆ ಸಿಕ್ಕಿ ಬಟ್ಟೆ ಹೆಚ್ಚುಕಡಿಮೆಯಾಗುವುದು ಸಾಮಾನ್ಯ. ಒಂದು ಮೀಟರೆಂದರೆ 39.37 ಅಂಗುಲ, ಒಂದು ಗಜವೆಂದರೆ 36 ಅಂಗುಲ. ನಾಲ್ಕು ಗಜ ಬೇಕಾದಲ್ಲಿ ನಾಲ್ಕು ಮೀಟರು ತಂದವರಿಗೆ 13 ಅಂಗುಲಕ್ಕೂ ಮೇಲ್ಪಟ್ಟು ಬಟ್ಟೆ ಮಿಗುತ್ತದೆ. ನಾಲ್ಕು ಮೀಟರು ಬೇಕಾದಲ್ಲಿ ನಾಲ್ಕು ಗಜ ತಂದವರ ಪಾಡನ್ನು ವಾಚಕರೇ ಊಹಿಸಿಕೊಳ್ಳಲಿ.

ಬಟ್ಟೆಯನ್ನು ಮುಂದಿಟ್ಟುಕೊಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದಕ್ಕೆ ಅಂಚು ಇದೆಯೇ, ಇಲ್ಲವೇ? ಇಳಕಲ್ಲ ಸೀರೆಯಂತೆ ಉದ್ದಕ್ಕೂ ನೇಯ್ದ ಅಂಚಿರುವ ಬಟ್ಟೆಯನ್ನು ವೃತ್ತಾಕಾರವಾಗಿ ಕತ್ತರಿಸಿದರೆ ಆ ಅಂಚು ಕೆಳಸುತ್ತಿಗೆ ಬರಲಾರದು. ಸರಳರೇಖೆಯಲ್ಲಿರುವುದು ವಕ್ರರೇಖೆಗೆ ಹೊಂದುವುದಿಲ್ಲ. ಅಂಚಿನ ಬಟ್ಟೆಗೆ ನಿರಿಗೆಯ ಲಂಗ, ಅಂಚಿಲ್ಲದ ಬಟ್ಟೆಗೆ ವೃತ್ತದ ಲಂಗ ಎಂದು ಸ್ಥೂಲವಾಗಿ ಇಟ್ಟುಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಇವೆರಡರ ಸ್ವಭಾವ ಬೇರೆ ಬೇರೆ. ನಿರಿಗೆಯ ಲಂಗದಲ್ಲಿ ಕೆಳಗಿನ ಅಗಲವಷ್ಟೂ ಮೇಲೆ ನಡುವಿನವರೆಗೂ ಇರುತ್ತದೆ, ಅದನ್ನು ಮಡಿಸಿ ಅಡಗಿಸಬೇಕು. ವೃತ್ತದ ಲಂಗದಲ್ಲಿ ನಡುವಿನಲ್ಲಿ ಒಂದು ಎಳೆಯೂ ಹೆಚ್ಚಿಲ್ಲ, ಅಗಲವೆಲ್ಲ ಕೆಳಗೆ ಹೋಗುತ್ತ ಹೋಗುತ್ತ ತಾನಾಗಿ ಹುಟ್ಟುತ್ತದೆ.

ವೃತ್ತದ ಲಂಗವನ್ನು ಮೊದಲು ನೋಡೋಣ. ಗಣಿತದ ಉಪಾಧ್ಯಾಯರಿಗೆ ಇದು ಹೆಚ್ಚು ರುಚಿಸೀತು. ಬಟ್ಟೆಯ ನಡುವೆ ಒಂದು ರಂಧ್ರ, ಆ ರಂಧ್ರದ ಪರಿಧಿಯೇ ನಡುವಿನ ಸುತ್ತಳತೆ. ಪರಿಧಿ 25 ಇದ್ದರೆ ತ್ರಿಜ್ಯವೆಷ್ಟು? 25ನ್ನು 7ರಿಂದ ಗುಣಿಸಿ 44ರಿಂದ ಭಾಗಿಸಿದರೆ 3.98 ಬರುತ್ತದೆ; 4 ಅಂಗುಲವೆಂದು ಇಟ್ಟುಕೊಳ್ಳಬಹುದು. ಇಳಿತ 36 ಸೇರಿಸಿದರೆ ಹೊರತ್ರಿಜ್ಯ 40. ಆ ಹೊರವೃತ್ತದ ಪರಿಧಿ 251 ಅಂಗುಲ, ಅಂದರೆ ಹತ್ತಿರ ಹತ್ತಿರ 6.4 ಮೀಟರು. ನಾಲ್ಕು ಅಂಗುಲ ತ್ರಿಜ್ಯದ ಕಿರುರಂಧ್ರದಿಂದ ಹೊರಟು ಆರು ಮೀಟರಿಗೂ ಮಿಗಿಲಾದ ಘೇರು ದೊರೆಯುವುದನ್ನು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗು ಕರಿಹಲಗೆಯ ಲೆಕ್ಕದಿಂದ ಮೂಡುವಂಥದಲ್ಲ. ಕೆಳಸುತ್ತಿಗೆ ಜರಿಪಟ್ಟಿ ಹಚ್ಚುವವರು ಆರೂವರೆ ಮೀಟರು ತರಬೇಕೆಂಬುದೂ ಇದೇ ಲೆಕ್ಕದಿಂದ ತಿಳಿಯಿತು.

ಆದರೆ ಕತ್ತರಿಸುವ ಗೆರೆ ಬೇರೆ, ಹೊಲಿಯುವ ಗೆರೆ ಬೇರೆ. ನಡುಪಟ್ಟಿಗೆ ಕೂಡಿಸಲು ಅರ್ಧ ಅಂಗುಲ ಒಳಗೆ ಹೋಗುವುದರಿಂದ ರಂಧ್ರವನ್ನು 4ರ ಬದಲು ಮೂರೂವರೆ ಅಂಗುಲ ತ್ರಿಜ್ಯದಲ್ಲಿ ಕತ್ತರಿಸತಕ್ಕದ್ದು. ಹೊಸಬರಿಗೆ ರಂಧ್ರವು ತೀರ ಚಿಕ್ಕದಾಗಿ ಕಂಡು ಕೈ ತಾನಾಗಿ ಹೊರಕ್ಕೆ ಸರಿಯುತ್ತದೆ. ತ್ರಿಜ್ಯದಲ್ಲಿ ಅರ್ಧ ಅಂಗುಲ ಹೆಚ್ಚಾದರೆ ಸುತ್ತಳತೆಯಲ್ಲಿ 3 ಅಂಗುಲಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆಂಬುದನ್ನು ಕತ್ತರಿ ಹಿಡಿಯುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿನಿಯಿಂದಲೂ ಲೆಕ್ಕ ಮಾಡಿಸಬೇಕು. ಚಿಕ್ಕದಾದ ರಂಧ್ರವನ್ನು ಕಾಲಂಗುಲ ಕಾಲಂಗುಲವಾಗಿ ದೊಡ್ಡದು ಮಾಡಬಹುದು. ದೊಡ್ಡದಾದುದನ್ನು ಮಡಿಕೆ ಹಾಕಿ ಮುಚ್ಚಬೇಕಲ್ಲದೆ ಬೇರೆ ಉಪಾಯವಿಲ್ಲ.

44 ಅಂಗುಲ ಅಗಲದ ಬಟ್ಟೆಯಲ್ಲಿ 80 ಅಂಗುಲ ವ್ಯಾಸದ ಇಡೀ ವೃತ್ತ ಹಿಡಿಸದು. ಎರಡು ಅರ್ಧವೃತ್ತಗಳನ್ನು ಕತ್ತರಿಸಿ ಇಕ್ಕೆಲದಲ್ಲಿ ಕೂಡಿಸಬೇಕು. ಇಲ್ಲಿ ಇನ್ನೊಂದು ಮೋಸವಿದೆ. ಎರಡು ಪಕ್ಕದ ಹೊಲಿಗೆಗಳೂ ಒಂದೊಂದು ಅಂಗುಲ ತಿನ್ನುವುದರಿಂದ ನಡುವಿನಲ್ಲಿ 2 ಅಂಗುಲ ಕಾಣೆಯಾಗುತ್ತದೆ. ಆದಕಾರಣ ಅರ್ಧವೃತ್ತದ ವ್ಯಾಸರೇಖೆಯನ್ನು ಬಟ್ಟೆಯ ಕರೆಯಿಂದ ಅರ್ಧ ಅಂಗುಲ ಒಳಗೆ ಎಳೆಯತಕ್ಕದ್ದು. ಕೆಳ ಅಂಚನ್ನು ಮಡಿಸಲು ಅರ್ಧ ಅಂಗುಲ ಸೇರಿ ಹೊರತ್ರಿಜ್ಯ ನಾಲ್ವತ್ತೂವರೆ; ಅದಕ್ಕೆ ಕರೆಯ ಅರ್ಧ ಅಂಗುಲ ಕೂಡಿದರೆ 41. ಅಂದರೆ 44ರ ಅಗಲದಲ್ಲಿ ಸರಾಗವಾಗಿ ಹಿಡಿಯಿತು. ಉದ್ದ ಒಂದೊಂದಕ್ಕೆ 81 ಅಂಗುಲ, ಎರಡಕ್ಕೆ 162. ನಾಲ್ಕು ಕಾಲು ಮೀಟರು ಬಟ್ಟೆ ಸಾಕು. ಅಷ್ಟು ಬಟ್ಟೆಗೆ ಶಕ್ತಿಯಿಲ್ಲದವರು ಅರ್ಧವೃತ್ತದ ಲಂಗ ಹೊಲಿಯಬಹುದು. ಆಗ ನಡುವಿನ ತ್ರಿಜ್ಯ 8 ಅಂಗುಲ, ಹೊರತ್ರಿಜ್ಯ 44, ಘೇರು 138 ಅಂಗುಲ. ಆದರೆ ಇದು 44ರ ಅಗಲದಲ್ಲಿ ಕೂಡದು; 58 ಅಂಗುಲ ಅಗಲದ ಬಟ್ಟೆ ಬೇಕಾಗುತ್ತದೆ.

ಬಟ್ಟೆಯ ಮೇಲೆ ನೇರವಾಗಿ ಗೆರೆ ಎಳೆಯುವ ಧೈರ್ಯ ಯಾರೂ ಮಾಡಬಾರದು. ಹಳೆಯ ವೃತ್ತಪತ್ರಿಕೆಗಳನ್ನು ಅಂಟಿಸಿ ಕಾಗದದ ಅಚ್ಚು ಸಿದ್ಧಪಡಿಸಿಕೊಳ್ಳಬೇಕು. ದಾರಕ್ಕೆ ಪೆನ್ಸಿಲು ಕಟ್ಟಿ ವೃತ್ತ ಎಳೆಯುವ ಪದ್ಧತಿಯುಂಟು. ದಾರವು ಎಳೆದಂತೆ ಹಿಗ್ಗುವುದರಿಂದ ನನಗದು ಒಪ್ಪಿಗೆಯಿಲ್ಲ. ಉದ್ದನೆಯ ರಟ್ಟಿನ ಪಟ್ಟಿಯೊಂದಕ್ಕೆ ಒಂದು ತುದಿಯಲ್ಲಿ ಮೊಳೆಯ ತೂತು, ಅಲ್ಲಿಂದ ಮೂರೂವರೆ ಅಂಗುಲಕ್ಕೆ ಒಂದು, ನಾಲ್ವತ್ತೂವರೆ ಅಂಗುಲಕ್ಕೆ ಇನ್ನೊಂದು ತೂತು ಮಾಡಿಕೊಂಡರೆ ಅದೇ ದೊಡ್ಡ ಕೈವಾರವಾಗುತ್ತದೆ. ನೆಲದ ಮೇಲೆ ನಾಲ್ಕು ಹುಡುಗಿಯರು ಕೂಡಿ ಇದನ್ನು ತಿರುಗಿಸುವುದು ಒಂದು ಅವಧಿಯ ಕೆಲಸ. ಆ ಅವಧಿಯನ್ನು ರೇಖಾಗಣಿತದ ಲೆಕ್ಕಕ್ಕೇ ಬರೆದುಕೊಂಡರೂ ತಪ್ಪಾಗದು.

ವೃತ್ತದಲ್ಲಿ ಕತ್ತರಿಸಿದ ಬಟ್ಟೆಗೆ ಒಂದು ವಿಶೇಷ ಗುಣವಿದೆ. ಬಟ್ಟೆಯು ಹಾಸಿನ ದಿಕ್ಕಿಗೂ ಹೊಕ್ಕಿನ ದಿಕ್ಕಿಗೂ ಹೆಚ್ಚು ಹಿಗ್ಗುವುದಿಲ್ಲ. ಇವೆರಡರ ನಡುವಿನ ಓರೆಯಲ್ಲಿ, ಹೊಲಿಗೆಯವರು ಉರೇಬು ಎನ್ನುವ ದಿಕ್ಕಿನಲ್ಲಿ, ರಬ್ಬರಿನಂತೆ ಇಳಿಯುತ್ತದೆ. ಇಡೀ ವೃತ್ತದಲ್ಲಿ ಇಂಥ ಓರೆ ಭಾಗಗಳು ನಾಲ್ಕು. ಲಂಗವನ್ನು ಹೊಲಿದ ಕೂಡಲೇ ಅಂಚು ಮಡಿಸಿಬಿಟ್ಟರೆ ನಾಲ್ಕಾರು ದಿನಗಳಲ್ಲಿ ಆ ನಾಲ್ಕು ಕಡೆ ಬಟ್ಟೆ ಜಗ್ಗಿ ಕೆಳಸುತ್ತು ಅಲೆ ಅಲೆಯಾಗಿ ಕಾಣುತ್ತದೆ. ಆದ್ದರಿಂದ ನಡುಪಟ್ಟಿ ಕೂಡಿಸಿದ ಲಂಗವನ್ನು ಒಂದು ದಿನ, ಭಾರದ ಬಟ್ಟೆಯಾದರೆ ಎರಡು ದಿನ, ತೂಗುಹಾಕಿ ಅದು ಎಷ್ಟು ಇಳಿಯಬೇಕೋ ಅಷ್ಟು ಇಳಿದ ಮೇಲೆಯೇ ಅಂಚಿಗೆ ಕೈಹಚ್ಚಬೇಕು. ಸಮಾರಂಭದ ಹಿಂದಿನ ರಾತ್ರಿ ಹೊಲಿಗೆಗೆ ಕುಳಿತವರಿಗೆ ಈ ಎರಡು ದಿನ ಎಲ್ಲಿಂದ ಬರಬೇಕು? ರಂಧ್ರದ ಸುತ್ತಲೂ ಇದೇ ಓರೆಯ ಹಿಗ್ಗು ಇರುವುದರಿಂದ, ಕತ್ತರಿಸಿದೊಡನೆ ಅಂಚಿಗೆ ಸಮೀಪವಾಗಿ ಒಂದು ಸಾಲು ಹೊಲಿಗೆ ಹಾಕಿ ಅದನ್ನು ಭದ್ರಪಡಿಸುವುದು ಅವಶ್ಯ.

ಈ ಲಂಗಕ್ಕೆ ಒಂದು ದೊಡ್ಡ ಕೊರತೆಯೂ ಇದೆ. ಅದರ ಕೆಳ ಅಂಚನ್ನು ಅಗಲವಾಗಿ ಮಡಿಸಲಾಗದು. 2 ಅಂಗುಲ ಒಳಮಡಿಕೆ ಬಿಟ್ಟರೆ ಹೊರ ಅಂಚಿನ ಪರಿಧಿಯು ಮಡಿಕೆಯ ಗೆರೆಗಿಂತ 12 ಅಂಗುಲಕ್ಕೂ ಹೆಚ್ಚಾಗಿ, ಆ ಹೆಚ್ಚುವರಿ ಬಟ್ಟೆಯೆಲ್ಲ ಸುಕ್ಕಾಗಿ ನಿಲ್ಲುತ್ತದೆ. ಬೆಳೆಯುವ ಹುಡುಗಿಗೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಲು ಏನೂ ಉಳಿಯದು. ಎತ್ತರ ನಿಂತ ಕಾಲೇಜು ಹುಡುಗಿಯರಿಗೆ ವೃತ್ತದ ಲಂಗ ಒಪ್ಪುತ್ತದೆ. ಹನ್ನೆರಡು, ಹದಿಮೂರರ ಮಕ್ಕಳಿಗೆ ಅದನ್ನು ಹೊಲಿಸುವುದು ಒಂದು ಸಂಜೆಯ ಸಂತೋಷಕ್ಕೆ ನಾಲ್ಕು ಮೀಟರು ಬಟ್ಟೆ ಕೊಟ್ಟಂತೆ ಎಂಬುದು ನನ್ನ ಅಭಿಪ್ರಾಯ.

ಆ ವಯಸ್ಸಿನವರಿಗೆ ನಮ್ಮ ಹಿರಿಯರ ದಾರಿಯೇ ಲೇಸು. ಅಜ್ಜಿಯ ಸೀರೆಯಲ್ಲಿ ಮೊಮ್ಮಗಳಿಗೆ ಲಂಗ ಹೊಲಿಸುವುದು ಎಷ್ಟೋ ಮನೆಗಳಲ್ಲಿ ಇಂದಿಗೂ ಉಂಟು. ಸೀರೆಯನ್ನು ಬೆಳಕಿಗೆ ಹಿಡಿದು, ಮಡಿಕೆಗಳ ಜಾಗದಲ್ಲಿ ಎಳೆ ಸವೆದಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಹಳೆಯ ರೇಷ್ಮೆ ಮಡಿಕೆಯ ಗುಂಟವೇ ಸೀಳುತ್ತದೆ. ಗಟ್ಟಿ ಇದ್ದ ಭಾಗದಿಂದ 3 ಮೀಟರು, ಅಂದರೆ 118 ಅಂಗುಲ ತೆಗೆದುಕೊಳ್ಳಿ. ಕೂಡುಹೊಲಿಗೆಗೆ 1 ಅಂಗುಲ ಹೋಗಿ 117 ಉಳಿಯಿತು. ನಡು 25. ಹೆಚ್ಚಾಗಿರುವ 92 ಅಂಗುಲವನ್ನು ನಿರಿಗೆಗಳಲ್ಲಿ ಅಡಗಿಸಬೇಕು. 23 ನಿರಿಗೆ ಹಿಡಿದರೆ ಒಂದೊಂದಕ್ಕೆ 4 ಅಂಗುಲ ಬಟ್ಟೆ ಸಂದು, ಮಡಿಕೆಯ ಆಳ 2 ಅಂಗುಲವಾಗುತ್ತದೆ. ಒಂದು ನಿರಿಗೆಯಿಂದ ಇನ್ನೊಂದಕ್ಕೆ 1 ಅಂಗುಲಕ್ಕಿಂತ ತುಸು ಹೆಚ್ಚಿನ ಅಂತರ. ಬಟ್ಟೆಯ ಅಗಲದಲ್ಲಿ ನಡುವನ್ನು ಕಳೆದು ನಿರಿಗೆಗಳ ಸಂಖ್ಯೆಯಿಂದ ಭಾಗಿಸು ಎಂಬ ಈ ಒಂದು ಸೂತ್ರ ಗೊತ್ತಿದ್ದರೆ ಯಾವ ಲಂಗದ ನಿರಿಗೆಯನ್ನಾದರೂ ಹಿಡಿಯಬಹುದು. ಅಂದಾಜಿನಿಂದ ಹಿಡಿಯುತ್ತ ಹೋದವರಿಗೆ ಕೊನೆಗೆ ಒಂದೋ ಬಟ್ಟೆ ಮಿಗುತ್ತದೆ, ಇಲ್ಲವೇ ನಡು ಮಿಗುತ್ತದೆ.

117ನ್ನು 25ರಲ್ಲಿ ತುಂಬಿದುದರಿಂದ ನಡುವಿನಲ್ಲಿ ಸರಾಸರಿ ನಾಲ್ಕೂವರೆಗೂ ಮಿಕ್ಕಿದ ಪದರಗಳು ಬೀಳುತ್ತವೆ. ರೇಷ್ಮೆ ಇದನ್ನು ತಡೆಯುತ್ತದೆ. ದಪ್ಪ ಜರಿಬಟ್ಟೆಯಾದರೆ ಸೂಜಿ ಮುರಿಯುತ್ತದೆ, ಹುಡುಗಿಯ ನಡು ಕೊಳಗದಂತೆ ಕಾಣುತ್ತದೆ. ಅಂಥ ಬಟ್ಟೆಗೆ ಎರಡೂವರೆ ಮೀಟರಿಗಿಂತ ಹೆಚ್ಚು ಹಾಕದಿರುವುದು ವಿವೇಕ.

ಉದ್ದದ ಲೆಕ್ಕ ಇನ್ನೂ ಸೊಗಸು. ಸೀರೆಯ ಅಗಲ 46 ಅಂಗುಲವಿದೆಯೆನ್ನೋಣ. ಬೇಕಾದ ಇಳಿತ 36. ಉಳಿದ 10ರಲ್ಲಿ ನಡುಪಟ್ಟಿಯೊಳಕ್ಕೆ ಅರ್ಧ ಅಂಗುಲ ಹೋಗುತ್ತದೆ. ಇನ್ನುಳಿದುದನ್ನು ಕತ್ತರಿಸಿ ಎಸೆಯುವುದೇ? ಅಂಚಿನ ಮೇಲುಗಡೆ, ಒಂದೂವರೆ ಅಂಗುಲ ಆಳದ ಮೂರು ಅಡ್ಡ ಮಡಿಕೆಗಳನ್ನು ಸಮಾನಾಂತರವಾಗಿ ಹೊಲಿದರೆ 9 ಅಂಗುಲ ಅವುಗಳಲ್ಲಿ ಕೂಡುತ್ತದೆ. ನೋಡುವವರಿಗೆ ಅದು ಅಲಂಕಾರ, ತಾಯಿಗೆ ಅದು ಉಳಿತಾಯ. ಹುಡುಗಿ ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಒಂದೊಂದರಿಂದ 3 ಅಂಗುಲ ಉದ್ದ ದೊರೆಯುತ್ತದೆ. ಈ ಮಡಿಕೆಗಳನ್ನು ಯಂತ್ರದ ಅತಿ ಉದ್ದದ ಹೊಲಿಗೆಯಲ್ಲಿ ಹಾಕಬೇಕು. ಸಣ್ಣ ಹೊಲಿಗೆ ಹಾಕಿದರೆ ಬಿಚ್ಚಿದ ಮೇಲೂ ಸೂಜಿಯ ತೂತುಗಳ ಸಾಲು ರೇಷ್ಮೆಯ ಮೇಲೆ ಶಾಶ್ವತವಾಗಿ ಉಳಿಯುತ್ತದೆ.

ಹೊರಪದರದ ಮಾತು ಇಷ್ಟಾಯಿತು. ಆದರೆ ಲಂಗವನ್ನು ಎತ್ತಿ ನಿಲ್ಲಿಸುವುದು ಒಳಪದರಗಳು. ಸಿದ್ಧ ಉಡುಪನ್ನು ಕೊಳ್ಳುವವರು ಅದನ್ನು ಒಳಹೊರಗೆ ತಿರುವಿ ನೋಡಿದರೆ ಬೆಲೆ ಎಲ್ಲಿ ಹೋಗಿದೆ, ಎಲ್ಲಿ ಹೋಗಿಲ್ಲವೆಂಬುದು ತಿಳಿಯುತ್ತದೆ.

ಮೈಗೆ ತಾಗುವ ಅಸ್ತರು ಹತ್ತಿಯದೇ ಆಗಿರಬೇಕು. ಇದಕ್ಕೆ ನಿರಿಗೆ ಕೂಡದು, ನಡುವಿನಲ್ಲಿ ಈಗಾಗಲೇ ಬೇಕಾದಷ್ಟು ಪದರಗಳಿವೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವ ಆರು ತುಂಡುಗಳನ್ನು ಜೋಡಿಸಿದರೆ ನಡು ಸಪಾಟಾಗಿ ಕೂಡುತ್ತದೆ. ಇಂಥ ತುಂಡಿಗೆ ಕಲಿ ಎಂಬ ಹಿಂದಿ ಹೆಸರು ರೂಢಿಯಲ್ಲಿದೆ, ಅಂದರೆ ಮೊಗ್ಗು. 25ರ ಆರನೆಯ ಒಂದು ಭಾಗ 4 ಅಂಗುಲಕ್ಕೆ ತುಸು ಮೇಲೆ. ಹೊಲಿಗೆಗೆ 1 ಅಂಗುಲ ಸೇರಿ ತುಂಡಿನ ಮೇಲ್ಬದಿ ಐದೂಕಾಲು. ಕೆಳಬದಿ 13, ಉದ್ದ 35 ಅಂಗುಲ. ಮೇಲೆ ಕೂಡಿಸುವುದಕ್ಕೂ ಕೆಳಗೆ ಮಡಿಸುವುದಕ್ಕೂ ಬೇಕಾದ ಅಂಗುಲವೊಂದನ್ನು ಬೇರೆಯಾಗಿ ಬಿಡಬೇಕು. ಹೊಲಿದ ಮೇಲೆ ಅಸ್ತರಿನ ಕೆಳಸುತ್ತು 72 ಅಂಗುಲ, ಮೆಟ್ಟಿಲು ಹತ್ತಲು ಅಡ್ಡಿಯಿಲ್ಲ. ಒಂದು ತುಂಡನ್ನು ನೇರವಾಗಿ, ಮಗ್ಗುಲಿನದನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿದರೆ 44ರ ಅಗಲದಲ್ಲಿ ನಾಲ್ಕು ತುಂಡು ಹಿಡಿಸುತ್ತವೆ. 2 ಮೀಟರಿನಲ್ಲಿ ಆರೂ ಮುಗಿದು ನಡುಪಟ್ಟಿಯ ಒಳಭಾಗಕ್ಕೂ ಬಟ್ಟೆ ಉಳಿಯುತ್ತದೆ.

ಉಬ್ಬು ಕೊಡುವ ನೆಟ್ಟನ್ನು ಎಂದಿಗೂ ನಡುಪಟ್ಟಿಗೆ ಕೂಡಿಸಬೇಡಿ. ನಡುವಿನಿಂದ 8 ಅಂಗುಲ ಕೆಳಗೆ, ಸೊಂಟದ ಅತ್ಯಗಲದ ಜಾಗದಿಂದ, ಅಸ್ತರಿನ ಹೊರಮೈ ಮೇಲೆ ಹೊಲಿಯುತ್ತ ಬರಬೇಕು. ಮೂರು ಅಂತಸ್ತು ಸಾಕು: 8, 17 ಮತ್ತು 26 ಅಂಗುಲಗಳಲ್ಲಿ. ನಮ್ಮ ಅಸ್ತರಿನ ಸುತ್ತಳತೆ ಆ ಮೂರು ಜಾಗಗಳಲ್ಲಿ ಸುಮಾರು 36, 48, 60 ಅಂಗುಲ. ಇಮ್ಮಡಿ ನಿರಿಗೆಗೆ 72, 96, 120; ಒಟ್ಟು 288 ಅಂಗುಲ ಉದ್ದದ ಪಟ್ಟಿ. 58 ಅಂಗುಲ ಅಗಲದ ನೆಟ್ಟಿನಲ್ಲಿ 10 ಅಂಗುಲದ ಐದು ಪಟ್ಟಿಗಳನ್ನು ಅಡ್ಡಡ್ಡವಾಗಿ ಕತ್ತರಿಸಿದರೆ ಆಯಿತು. ಒಂದೂವರೆ ಮೀಟರು ತಂದರೆ ಧಾರಾಳ. ಮೇಲಿನ ಎರಡು ಅಂತಸ್ತುಗಳು 10 ಅಂಗುಲವಿದ್ದು ಕೆಳಗಿನದರ ಮೇಲೆ ಒಂದಂಗುಲ ಹೊದೆಯಲಿ. ಕೊನೆಯದನ್ನು ಎಂಟೂವರೆಗೆ ಕತ್ತರಿಸಿದರೆ ಅಸ್ತರಿನ ಅಂಚಿಗಿಂತ ಅರ್ಧ ಅಂಗುಲ ಮೇಲೆಯೇ ನಿಲ್ಲುತ್ತದೆ. ನೆಟ್ಟಿನ ಎಳೆ ಬಿಡುವುದಿಲ್ಲವಾದ್ದರಿಂದ ಅಂಚು ಮಡಿಸುವ ಕೆಲಸವಿಲ್ಲ. ಆದರೆ ಗಡಸು ನೆಟ್ಟಿನ ಕೊನೆಯು ಹೊರಗಿನ ರೇಷ್ಮೆಯನ್ನು ಕೆರೆಯುತ್ತದೆ, ಕೆಳಗಿನ ಅಂತಸ್ತಿಗೆ ರಿಬ್ಬನ್ ಹಚ್ಚುವುದು ಒಳ್ಳೆಯದು. ನಿರಿಗೆಗಾಗಿ ಉದ್ದ ಹೊಲಿಗೆಯ ಒಂದು ಸಾಲು ಹಾಕಿ ದಾರವೆಳೆದು ಅದು ನಡುವೆ ತುಂಡಾಗಿ ಅತ್ತವರುಂಟು. ಕಾಲಂಗುಲ ಅಂತರದಲ್ಲಿ ಎರಡು ಸಾಲು ಹಾಕಿ, ಪಟ್ಟಿಯನ್ನೂ ಅಸ್ತರನ್ನೂ ಎಂಟೆಂಟು ಸಮಭಾಗಗಳಾಗಿ ಗುರುತಿಸಿ, ಭಾಗ ಭಾಗವಾಗಿ ಎಳೆದು ಹಂಚಿದರೆ ನಿರಿಗೆ ಎಲ್ಲೆಡೆ ಒಂದೇ ಸಮನಾಗಿರುತ್ತದೆ.

ಈ ನೆಟ್ಟಿನ ವಿಷಯದಲ್ಲಿ ಚಂದಕ್ಕಿಂತ ಮುಖ್ಯವಾದ ಮಾತೊಂದನ್ನು ಹೇಳದೆ ಮುಂದೆ ಹೋಗಲಾಗದು. ನಮ್ಮ ಸಮಾರಂಭಗಳಲ್ಲಿ ದೀಪವಿಲ್ಲದ ವೇದಿಕೆಯಿಲ್ಲ. ತುಂಬು ಘೇರಿನ ಹುಡುಗಿ ಆರತಿ ಹಿಡಿಯುತ್ತಾಳೆ, ನೆಲದಲ್ಲಿಟ್ಟ ಹಣತೆಗಳ ನಡುವೆ ಕುಣಿಯುತ್ತಾಳೆ, ಬಾಗಿದಾಗ ತನ್ನ ಲಂಗದ ಅಂಚು ಎಲ್ಲಿದೆಯೆಂದು ಅವಳಿಗೆ ಕಾಣುವುದಿಲ್ಲ. ಪದರಗಳ ನಡುವೆ ತುಂಬಿರುವ ಗಾಳಿಯು ಬೆಂಕಿಗೆ ಕೊಳವೆಯಂತೆ ಸಹಾಯ ಮಾಡುತ್ತದೆ. ನೈಲಾನು, ಪಾಲಿಯೆಸ್ಟರುಗಳು ಕರಗಿ ಚರ್ಮಕ್ಕೆ ಅಂಟುತ್ತವೆ. ಘೇರಿನ ಚರಿತ್ರೆಯಲ್ಲಿ ಈ ಅಧ್ಯಾಯ ಬಹು ದುಃಖದ್ದು. ನಮ್ಮ ಇಂಗ್ಲಿಷ್ ಉಪಾಧ್ಯಾಯರಿಗೆ ಚಿರಪರಿಚಿತನಾದ ಅಮೆರಿಕದ ಕವಿ ಲಾಂಗ್‌ಫೆಲೋನ ಪತ್ನಿ ಫ್ಯಾನಿಯು 1861ರ ಜುಲೈನಲ್ಲಿ ಉಡುಪಿಗೆ ಬೆಂಕಿ ತಗಲಿ ತೀರಿಕೊಂಡಳು. ಆರಿಸಲು ಹೋದ ಕವಿಯೂ ಸುಟ್ಟುಕೊಂಡನು. 1863ರ ಡಿಸೆಂಬರ್ 8ರಂದು ಚಿಲಿ ದೇಶದ ಸ್ಯಾಂಟಿಯಾಗೋ ನಗರದ ಚರ್ಚಿನಲ್ಲಿ ಹಬ್ಬದ ದೀಪಗಳಿಂದ ಬೆಂಕಿ ಹತ್ತಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು. ಅಗಲವಾದ ಅವರ ಲಂಗಗಳು ಬೆಂಕಿಯನ್ನು ಹರಡಿ ಓಟಕ್ಕೂ ಅಡ್ಡಿಯಾದವು.

ಆದ್ದರಿಂದ ಆರತಿಗೆ, ದೀಪನೃತ್ಯಕ್ಕೆ ನಿಲ್ಲುವ ಹುಡುಗಿಯ ಲಂಗದಲ್ಲಿ ನೆಟ್ಟನ್ನು ಬಿಟ್ಟುಬಿಡಿ. ಅಡ್ಡ ಮಡಿಕೆಗಳೇ ಅಂಚಿಗೆ ಭಾರ ಕೊಟ್ಟು ಘೇರನ್ನು ಒಂದಿಷ್ಟು ಹರಡಿ ನಿಲ್ಲಿಸುತ್ತವೆ. ಹತ್ತಿಯೂ ಉರಿಯುತ್ತದೆಂಬುದು ನಿಜ, ಆದರೆ ಅದು ಕರಗಿ ಮೈಗೆ ಅಂಟದು. ವೇದಿಕೆಯ ನೆಲದ ಮೇಲೆ ಹಣತೆಗಳನ್ನು ಸಾಲಾಗಿ ಇಡುವ ಪದ್ಧತಿಯನ್ನು ಕೈಬಿಟ್ಟು ಎತ್ತರದ ಕಂಬದ ಮೇಲೆ ಇಡಬಹುದು. ತೆರೆಯ ಮರೆಯಲ್ಲಿ ಒಬ್ಬ ಉಪಾಧ್ಯಾಯಿನಿಯು ದಪ್ಪ ಕಂಬಳಿ ಮತ್ತು ಎರಡು ಕೊಡ ನೀರಿನೊಡನೆ ನಿಂತಿರಲಿ. ಬೆಂಕಿ ತಗಲಿದರೆ ಓಡಬಾರದು, ನೆಲಕ್ಕೆ ಮಲಗಿ ಉರುಳಬೇಕೆಂದು ಮಕ್ಕಳಿಗೆ ತಾಲೀಮಿನ ದಿನವೇ ಮಾಡಿಸಿ ತೋರಿಸಬೇಕು. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು, ಅದು ವೈದ್ಯರ ಕೆಲಸ.

ಹೊಲಿಯುವವರ ಕೈಯಲ್ಲಿಯೂ ಇಲ್ಲಿ ಒಂದು ಕರ್ತವ್ಯವಿದೆ. ನಡುಪಟ್ಟಿಗೆ ಲಾಡಿ ಪೋಣಿಸಿ ಗಂಟು ಬಿಗಿಯುವುದು ಸುಲಭ. ಆದರೆ ಅವಸರದಲ್ಲಿ ಆ ಗಂಟು ಬಿಚ್ಚುವುದಿಲ್ಲ. ಪಕ್ಕದ ಹೊಲಿಗೆಯಲ್ಲಿ 8 ಅಂಗುಲ ಸೀಳು ಬಿಟ್ಟು ಎರಡು ದೊಡ್ಡ ಕೊಂಡಿಗಳನ್ನು ಹಚ್ಚಿದರೆ ಒಂದೇ ಎಳೆತಕ್ಕೆ ಲಂಗ ಕೆಳಗೆ ಬೀಳುತ್ತದೆ. ವೇದಿಕೆ ಹತ್ತುವ ಮುನ್ನ ಮೇಲಂಗಿಯನ್ನೂ ಲಂಗವನ್ನೂ ಸೂಜಿದಾರದಿಂದ ಮೈಮೇಲೆಯೇ ಕೂಡಿಸಿ ಹೊಲಿದುಬಿಡುವ ಅಭ್ಯಾಸವನ್ನು ಕೆಲವೆಡೆ ಕಂಡಿದ್ದೇನೆ. ಅದು ಕೂಡದು.

ಕೊನೆಯ ಕೆಲಸ ಅಂಚಿನದು. ಅಸ್ತರು ಮತ್ತು ಹೊರಪದರವನ್ನು ಒಂದೇ ನಡುಪಟ್ಟಿಯಲ್ಲಿ ಕೂಡಿಸಿ, ಎರಡನ್ನೂ ಕೆಳಗೆ ಬಿಡಿಯಾಗಿಯೇ ಬಿಟ್ಟು, ಲಂಗವನ್ನು ತೂಗುಹಾಕಿದ ಅವಧಿ ಮುಗಿದ ಮೇಲೆ ಹುಡುಗಿಗೆ ತೊಡಿಸಬೇಕು. ಸಮಾರಂಭದ ದಿನ ಮೆಟ್ಟುವ ಚಪ್ಪಲಿಯನ್ನೇ ಅಂದೂ ಮೆಟ್ಟಿರಲಿ. ಅವಳನ್ನು ಸ್ಟೂಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ತಾನು ಸುತ್ತಲೂ ಸರಿಯುತ್ತ, ಸ್ಟೂಲಿನ ಹಲಗೆಯಿಂದ ಮೇಲಕ್ಕೆ ಅಡಿಕೋಲಿನಿಂದ ಅಳೆದು ನಾಲ್ಕು ಅಂಗುಲಕ್ಕೊಂದು ಗುಂಡುಸೂಜಿ ಚುಚ್ಚಬೇಕು. ನಡುವಿನಿಂದ ಕೆಳಕ್ಕೆ ಅಳೆದರೆ ಅಂಚು ಸಮ ಬರುವುದಿಲ್ಲ, ಯಾರ ಸೊಂಟವೂ ಎರಡು ಕಡೆ ಒಂದೇ ಸಮನಾಗಿರುವುದಿಲ್ಲ. ವೃತ್ತದ ಲಂಗವಾದರೆ ಓರೆಯ ನಾಲ್ಕು ಕಡೆ ಒಂದೊಂದೂವರೆ ಅಂಗುಲ ಕತ್ತರಿಸಿ ತೆಗೆಯಬೇಕಾಗಿ ಬಂದರೂ ಅಚ್ಚರಿಪಡಬೇಕಾಗಿಲ್ಲ. ಅಸ್ತರು ಹೊರಪದರಕ್ಕಿಂತ 1 ಅಂಗುಲ ಮೇಲಿರಲಿ. ಸಿದ್ಧವಾದ ಲಂಗವನ್ನು ಒಳಮೈ ಹೊರಗಾಗಿ ತಿರುವಿ ತೂಗುಹಾಕಿಡಿ. ಮಡಿಸಿ ಪೆಟ್ಟಿಗೆಯಲ್ಲಿಟ್ಟರೆ ನೆಟ್ಟು ಒಂದೇ ವಾರದಲ್ಲಿ ಚಪ್ಪಟೆಯಾಗುತ್ತದೆ. ಹಾಗಾದಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಒತ್ತದೆ, ಕುದಿಯುವ ನೀರಿನ ಹಬೆಗೆ ದೂರದಿಂದ ಹಿಡಿದು ಕೈಯಿಂದ ಬಿಡಿಸಿದರೆ ಸಾಕು. ಕಬ್ಬಿಣ ತಾಗಿದ ಕಡೆ ನೈಲಾನು ಸುರುಟಿ ತೂತು ಬೀಳುತ್ತದೆ.